ಗಾಳಿಮರದ ನಲವತ್ತು ದಿನ

ಬೆಳ್ಳೂರಿನ ಕಡೆ ಯಾವ ಮನೆಯ ಹಿತ್ತಿಲಲ್ಲಾದರೂ ಕಟ್ಟಿಗೆಯ ಅಟ್ಟಿ ಕಂಡರೆ, ಅದು ಕಿಟ್ಟಣ್ಣ ಇಟ್ಟದ್ದೋ ಬೇರೆಯವರು ಇಟ್ಟದ್ದೋ ಎಂದು ತಿಳಿಯಲು ಹತ್ತಿರ ಹೋಗಬೇಕಾಗಿರಲಿಲ್ಲ. ಬೇರೆಯವರು ಇಟ್ಟದ್ದು ಕಟ್ಟಿಗೆಯ ಹಾಗೆಯೇ ಕಾಣುತ್ತಿತ್ತು. ಕಿಟ್ಟಣ್ಣ ಇಟ್ಟದ್ದು, ಮನೆಯ ಯಜಮಾನರು ತಲೆ ಬಾಚಿಕೊಂಡು ಶಾಲು ಹೊದ್ದು ಮದುವೆಗೆ ಹೊರಟು ನಿಂತ ಹಾಗೆ ಕಾಣುತ್ತಿತ್ತು. ಒಂದು ತುಂಡು ಮುಂದೆ ಬಂದಿಲ್ಲ, ಒಂದು ಹಿಂದೆ ಸರಿದಿಲ್ಲ. ಸಿಪ್ಪೆ ಮೇಲೆ, ಸೀಳು ಕೆಳಗೆ. ನಡುನಡುವೆ ಗಾಳಿ ಓಡಾಡಲು ಸಂದಿ. ಎಲ್ಲಿಂದ ಒಂದು ತುಂಡು ಎಳೆದರೂ ಉಳಿದದ್ದು ಅಲುಗದು.

ಇದನ್ನು ಯಾರಾದರೂ ಹೊಗಳಿದರೆ ಕಿಟ್ಟಣ್ಣನಿಗೆ ಕಿರಿಕಿರಿ. ನಲವತ್ತೆಂಟರ ಸಪೂರ ಮನುಷ್ಯ, ಮಾತು ಕಡಿಮೆ. ಮರ ಸೀಳಿದಾಗಲೆಲ್ಲ ಒಂದು ತುಂಡನ್ನು ಎತ್ತಿ ಮೂಸಿ ನೋಡುವ ಅಭ್ಯಾಸ. ಮೂಸಿದರೆ ಅದು ಎಷ್ಟು ಒಣಗಿದೆ, ಎಷ್ಟು ಹೊತ್ತು ಉರಿದೀತು ಎಂದು ಅವನಿಗೆ ಗೊತ್ತಾಗುತ್ತಿತ್ತು. ಸಿಪ್ಪೆ ಕೆಳಗೆ ಮಾಡಿ ಕಟ್ಟಿಗೆ ಇಡುವವರನ್ನು ಬೇರೆ ಯಾವ ವಿಷಯದಲ್ಲಿಯೂ ನಂಬಬಾರದು ಎಂಬುದು ಅವನ ಗಟ್ಟಿಯಾದ ಅಭಿಪ್ರಾಯವಾಗಿತ್ತು. ಆ ಒಂದು ಕಾರಣಕ್ಕೆ ಅವನು ತನ್ನ ಸ್ವಂತ ಭಾವನನ್ನು ನಂಬುತ್ತಿರಲಿಲ್ಲ.

ಕೆಲಸ ಕಲಿಸಿದ್ದು ಸೋದರಮಾವ ಬಟ್ಯ. ಮಾವ ಕಲಿಸಿದ್ದು ಹೆಚ್ಚೇನೂ ಇಲ್ಲ. ಕೊಡಲಿಯ ಹಿಡಿತ, ಮತ್ತೆ ಒಂದು ಮಾತು.

"ಗೋಡೆ ಕಟ್ಟಿದ ಹಾಗಲ್ಲ ಇದು. ಗೋಡೆ ನಿಲ್ಬೇಕು. ಇದು ಮುಗೀಬೇಕು."

ಅಂದರೆ ಅಟ್ಟಿ ಇಡುವುದು ನೋಡಲಿಕ್ಕಲ್ಲ, ಉರಿಸಲಿಕ್ಕೆ. ಯಾವುದು ಮೊದಲು ಉರಿಯಬೇಕೋ ಅದು ಮೇಲೆ, ಯಾವುದು ಕಡೆಗೋ ಅದು ಅಡಿಗೆ. ಕಾರ್ತೆಲ್‌ನಲ್ಲಿ, ಜೂನಿನ ಮೊದಲ ಮಳೆಗೆ, ಒಲೆ ತಂಡಿ ಹಿಡಿದು ಮುನಿಸಿಕೊಂಡಿರುತ್ತದೆ. ಆಗ ಬೇಕಾದದ್ದು ಕಡ್ಡಿ ಗೀರಿದ ಕೂಡಲೇ ಹಿಡಿಯುವ ಸಪೂರ ಗೇರು ರೆಂಬೆ. ಜುಲೈ ನಡುವಿನಿಂದ ಬರುವ ಆಟಿ ತಿಂಗಳಲ್ಲಿ ಮಳೆ ಹಗಲು ರಾತ್ರಿ ಸುರಿಯುವಾಗ ಕೆಂಡ ಬಿಡದ ಹಲಸು, ಕಾಡುಮಾವು. ಅದರ ಮುಂದಿನ ಸೋಣದಲ್ಲಿ ಬಿಸಿಲು ಇಣುಕುವ ಹೊತ್ತಿಗೆ ಬೊಡ್ಡೆಯೋ ಬೇರೋ, ಯಾವುದಾದರೂ ಆದೀತು. ಆ ಮನೆಯಲ್ಲಿ ಎಷ್ಟು ಮಂದಿ, ಯಾರಿಗೆ ಕೆಮ್ಮು, ಯಾವ ವಾರ ಎಣ್ಣೆಸ್ನಾನ, ಚೌತಿಗೆ ಎಷ್ಟು ನೆಂಟರು, ಎಲ್ಲ ಅಟ್ಟಿಯೊಳಗೆ ಲೆಕ್ಕಕ್ಕೆ ಬರಬೇಕು. ಮನೆಯಾಕೆ ಏನೂ ಯೋಚಿಸದೆ ಮೇಲಿನಿಂದ ಕೈಗೆ ಸಿಕ್ಕಿದ್ದನ್ನು ತೆಗೆಯುತ್ತ ಹೋದರೆ ಸಾಕು, ಆ ದಿನಕ್ಕೆ ಬೇಕಾದ ಕಟ್ಟಿಗೆ ಆ ದಿನ ಕೈಗೆ ಬರಬೇಕು. ಬಂದದ್ದು ಅವಳಿಗೆ ಗೊತ್ತೂ ಆಗಬಾರದು.

ಗೊತ್ತಾಗುವುದು ಕಿಟ್ಟಣ್ಣನಿಗೆ ಮಾತ್ರ, ಅದೂ ವರ್ಷಕ್ಕೆ ಒಂದು ದಿನ. ಚೌತಿ ಕಳೆದ ಮೇಲೆ ಅವನು ತಾನು ಅಟ್ಟಿ ಇಟ್ಟ ಮನೆಗಳಿಗೆಲ್ಲ ಒಂದು ಸುತ್ತು ಹೋಗುತ್ತಿದ್ದ. ಯಾರೂ ಕರೆಯುತ್ತಿರಲಿಲ್ಲ, ಅವನೇ ಹೋಗುವುದು. ಹಿತ್ತಿಲ ಕಟ್ಟಿಗೆ ಕೊಟ್ಟಿಗೆಗೆ ಇಣುಕಿ ಬರಿಯ ನೆಲ ಕಂಡರೆ ಆಯಿತು. ಒಣಗಿದ ನೆಲ, ನಾಲ್ಕು ಚೂರು ಸಿಪ್ಪೆ, ಗೆದ್ದಲಿನ ಗೆರೆ ಇಲ್ಲ. ಹೆಗಲ ಬೈರಾಸು ತೆಗೆದು ಮುಖ ಒರೆಸಿಕೊಳ್ಳುತ್ತಿದ್ದ. ಮನೆಯಾಕೆ ವೀಳ್ಯದ ತಟ್ಟೆ ತಂದಿಟ್ಟರೆ ಒಂದು ಎಲೆ ಹಾಕಿ ಹೊರಡುತ್ತಿದ್ದ. ಒಂದು ಕಾಲಕ್ಕೆ ಇಪ್ಪತ್ತೆರಡು ಮನೆ ಇತ್ತು. ಗ್ಯಾಸು ಬಂದು ಏಳಕ್ಕೆ ಇಳಿದಿತ್ತು. ಅದಕ್ಕೆ ಅವನು ಅಳುತ್ತ ಕೂತವನಲ್ಲ. ಏಳು ಮನೆಗೆ ಇನ್ನೂ ಚೆನ್ನಾಗಿ ಇಡಬಹುದಲ್ಲ ಎಂದು ಖುಷಿಯೇ ಪಟ್ಟವನು.

ಆ ಏಳರಲ್ಲಿ ಒಂದು ರಾಜೀವಿಯ ಮನೆ. ಅದು ಅವನ ಮೊತ್ತಮೊದಲ ಮನೆ, ಮತ್ತು ಅವನು ಕೆಡಿಸಿದ ಒಂದೇ ಒಂದು ಮನೆ.

ಎಂಬತ್ತೊಂಬತ್ತನೆಯ ಇಸವಿ. ಮಾವನ ಕೈ ಬಿಟ್ಟು ಒಬ್ಬನೇ ಇಟ್ಟ ಮೊದಲ ಅಟ್ಟಿ. ಪ್ರಾಯದ ಹುಡುಗನಿಗೆ ನಾಲ್ಕು ಜನ ನಿಂತು ನೋಡಬೇಕೆಂಬ ಆಸೆ. ಬೆಳ್ಳಗೆ ನುಣ್ಣಗೆ ಇದ್ದ ರಬ್ಬರಿನ ತುಂಡುಗಳನ್ನು ಒಂದೇ ಅಳತೆಗೆ ಕೊಯ್ದು ಎದುರಿಗೆ ಪೇರಿಸಿದ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು ಕೂಡ. ಮಳೆ ಬಂತು. ರಬ್ಬರು ಒಳಗೆ ಹಸಿ. ಒಲೆಯಲ್ಲಿ ಸುಂಯ್ ಎಂದು ನೊರೆ ಉಗುಳಿತೇ ಹೊರತು ಉರಿಯಲಿಲ್ಲ. ಆ ವರ್ಷವೇ ರಾಜೀವಿ ಮಗಳು ದೀಕ್ಷಿತಾಳನ್ನು ಹೆತ್ತದ್ದು. ನಮ್ಮ ಕಡೆ ಬಾಣಂತಿಗೆ ನಲವತ್ತು ದಿನ ಸೊಪ್ಪು ಹಾಕಿ ಕುದಿಸಿದ ನೀರನ್ನು ಬೆನ್ನಿಗೆ ರಪರಪ ಹೊಯ್ಯಬೇಕು, ಚರ್ಮ ಕೆಂಪಾಗಬೇಕು. ರಾಜೀವಿಗೆ ಸಿಕ್ಕಿದ್ದು ಉಗುರುಬೆಚ್ಚಗಿನ ನೀರು. ಚೌತಿ ಕಳೆದು ಕಿಟ್ಟಣ್ಣ ಹೋಗಿ ನೋಡಿದರೆ ಅರ್ಧ ಅಟ್ಟಿ ಬೂಷ್ಟು ಹಿಡಿದು ನಿಂತಿತ್ತು. ರಾಜೀವಿ ಒಂದು ಮಾತೂ ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು ಏಳುವಾಗ ಎಡಗೈಯನ್ನು ನಡುವಿಗೆ ಒತ್ತಿಕೊಂಡು ಎದ್ದಳು, ಅಷ್ಟೇ.

ಅಂದಿನಿಂದ ಇಪ್ಪತ್ತನಾಲ್ಕು ವರ್ಷ ಅವಳು ಹಾಗೆಯೇ ಏಳುತ್ತಿದ್ದಳು. ಅಂದಿನಿಂದ ಇಪ್ಪತ್ತನಾಲ್ಕು ವರ್ಷ ಕಿಟ್ಟಣ್ಣ ಅದನ್ನು ನೋಡುತ್ತಲೇ ಇದ್ದ. ನೋಡಿದಾಗಲೆಲ್ಲ ಅವನಿಗೆ ಆ ಬಿಳಿ ರಬ್ಬರಿನ ಅಟ್ಟಿ ಕಣ್ಣಿಗೆ ಬರುತ್ತಿತ್ತು. ಹೆಂಡತಿ ಬಾಗಿಗೂ ಅವನು ಇದನ್ನು ಹೇಳಿದವನಲ್ಲ.

ಎರಡು ಸಾವಿರದ ಹದಿಮೂರು. ಏಪ್ರಿಲಿನ ಬಿಸು ಹಬ್ಬದ ಮರುದಿನ ಅವನು ರಾಜೀವಿಯ ಮನೆಗೆ ಮರ ಸೀಳಲು ಹೋಗಿದ್ದ. ಪುತ್ತಿಗೆಗೆ ಮದುವೆಯಾಗಿ ಹೋಗಿದ್ದ ದೀಕ್ಷಿತಾ ಹಬ್ಬಕ್ಕೆ ಬಂದವಳು ಜಗಲಿಯಲ್ಲಿ ಕೂತು ಹುಳಿ ಹುಳಿ ಬಿಂಬುಳಿ ಕಾಯಿಗೆ ಉಪ್ಪು ಹಚ್ಚಿ ಹಚ್ಚಿ ತಿನ್ನುತ್ತಿದ್ದಳು. ಒಂದಲ್ಲ ಎರಡಲ್ಲ, ಒಂದು ಗೆರಟೆ ತುಂಬ. ನೋಡುವವರಿಗೇ ಹಲ್ಲು ಚುಳ್ಳೆನ್ನಬೇಕು. ಕಿಟ್ಟಣ್ಣ ಕೊಡಲಿ ನೆಲಕ್ಕೂರಿ ಒಂದು ಗಳಿಗೆ ನೋಡಿದ. ಬೆರಳಲ್ಲಿ ತಿಂಗಳು ಎಣಿಸಿದ. ಆಟಿ ಕೊನೆ.

ಯಾರಿಗೂ ಏನೂ ಹೇಳಲಿಲ್ಲ. ಹೇಳುವ ಸಂಗತಿಯೂ ಅಲ್ಲ ಅದು. ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಬಾರದು ಎಂದು ನಂಬಿದ ಊರು ನಮ್ಮದು. ಮನೆಯವರೇ ತೊಟ್ಟಿಲ ಮಾತು ಎತ್ತದಿರುವಾಗ ಕಟ್ಟಿಗೆಯವನು ಬಾಣಂತಿ ಸ್ನಾನದ ಮಾತಾಡುವುದುಂಟೇ?

ಆದರೆ ಮನಸ್ಸಿನಲ್ಲಿ ಅವನು ಆಗಲೇ ಗಾಳಿಮರ ಹುಡುಕುತ್ತಿದ್ದ. ಕಡಲ ಬದಿಯಲ್ಲಿ ಸೂಜಿ ಸೂಜಿ ಎಲೆ ಬಿಟ್ಟುಕೊಂಡು ಹುಯ್ಯೆನ್ನುವ ಮರ. ಕೊಯ್ದರೆ ಒಳಗೆ ಕೆಂಪು. ಉರಿದರೆ ಹೊಗೆ ಕಡಿಮೆ, ಕೆಂಡ ಹಿಡಿದರೆ ಬಿಡುವ ಜಾತಿಯಲ್ಲ. ಬೆಳ್ಳೂರಿನ ಗುಡ್ಡದಲ್ಲಿ ಅದು ಎಲ್ಲಿಂದ ಬರಬೇಕು? ಬಸ್ಸು ಹತ್ತಿ ಮೊಗ್ರಾಲಿಗೆ ಹೋದ. ಅಲ್ಲಿ ಪೊಕ್ಕರ್ ಬ್ಯಾರಿಯ ಹಿತ್ತಿಲಲ್ಲಿ ಗಾಳಿಗೆ ಬಿದ್ದ ದೊಡ್ಡದೊಂದು ಗಾಳಿಮರ ಇದೆಯೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದರು. ಎರಡು ದಿನ ನಿಂತು ಪೂರ್ತಿ ಮರ ಸೀಳಿಕೊಟ್ಟ. ಕೂಲಿ ಬೇಡ, ಬದಲಿಗೆ ನಡುಕಾಂಡದ ಕಟ್ಟಿಗೆ ಸಾಕು ಎಂದ.

"ಅದನ್ನೇ ಆರಿಸಿ ಆರಿಸಿ ತೆಗೀತಾ ಇದ್ದೀರಲ್ಲ, ಎಂತಕ್ಕೆ ಮಾರಾಯ್ರೆ?" ಎಂದು ಪೊಕ್ಕರ್ ಕೇಳಿದರು.

"ಒಂದು ಮನೆಯಲ್ಲಿ ಮೀಯ್ಲಿಕ್ಕೆ ಉಂಟು," ಎಂದ ಕಿಟ್ಟಣ್ಣ. ಪರವೂರಲ್ಲಿ, ಪರಿಚಯ ಇಲ್ಲದವರ ಹತ್ತಿರ, ಅಷ್ಟು ಹೇಳಬಹುದು.

ಪೊಕ್ಕರ್ ಅವನ ಮುಖ ನೋಡಿದರು. ಮೂರು ಹೆಣ್ಣುಮಕ್ಕಳ ಬಾಣಂತನ ಮುಗಿಸಿದ ಮನುಷ್ಯ. "ನಮ್ಮಲ್ಲಿಯೂ ನಲವತ್ತೇ ದಿನ," ಎಂದು ಹೇಳಿ ಬೇರೇನೂ ಕೇಳಲಿಲ್ಲ. ತಮ್ಮ ಅಂಗಡಿಯ ಪಿಕಪ್ಪಿನಲ್ಲೇ ಕಟ್ಟಿಗೆಯನ್ನು ಬೆಳ್ಳೂರಿಗೆ ಕಳಿಸಿಕೊಟ್ಟರು.

ದಿನಕ್ಕೆ ಐದು ತುಂಡು. ನಲವತ್ತು ದಿನಕ್ಕೆ ಇನ್ನೂರು. ರಾಜೀವಿಯ ಕೊಟ್ಟಿಗೆಯಲ್ಲಿ ಅಟ್ಟಿ ಏರುತ್ತ ಬಂದು ಆಟಿ ಮುಗಿಯುವ ಮಟ್ಟಕ್ಕೆ ಬಂದಾಗ ಕಿಟ್ಟಣ್ಣ ಆ ಇನ್ನೂರು ತುಂಡನ್ನು ಈ ತುದಿಯಿಂದ ಆ ತುದಿಗೆ ಸಾಲಾಗಿ ಇಟ್ಟ. ಅದರ ಮೇಲೆ ಹಲಸು, ಹದವಾಗಿ ಒಣಗಿಸಿದ ಒಂದು ವರಸೆ ರಬ್ಬರು, ಎಲ್ಲಕ್ಕಿಂತ ಮೇಲೆ ಗೇರು ರೆಂಬೆ. ಇಳಿದು ದೂರ ನಿಂತು ನೋಡಿದ. ಬೂದು, ಹಳದಿ, ಬಿಳಿ ಬಣ್ಣದ ಅಟ್ಟಿಯ ನಡುವೆ ಕೆಂಪು ಗಾಳಿಮರದ ಒಂದು ಸಾಲು. ಈ ಸಲ ನೀರು ಕುದಿಯುತ್ತದೆ ಎಂದುಕೊಂಡ. ಅದನ್ನು ಯೋಚಿಸಿಯೇ ಅವನಿಗೆ ಕಣ್ಣು ಹನಿಗೂಡಿತು.

ಆ ಕೆಂಪು ಸಾಲೇ ಮುಳುವಾದದ್ದು.

ಮೇ ಕೊನೆಯಲ್ಲಿ ಶಾಲೆಯ ಡ್ರಾಯಿಂಗ್ ಮಾಷ್ಟ್ರು ಹರಿನಾಥ, ತಂಗಿಯ ಮದುವೆಯ ಕಾಗದ ಕೊಡಲು ರಾಜೀವಿಯ ಮನೆಗೆ ಬಂದವರು, ಕೈತೊಳೆಯಲು ಹಿತ್ತಿಲಿಗೆ ಹೋಗಿ ಅಲ್ಲಿಯೇ ಬಾಕಿಯಾದರು. ಒಳ್ಳೆಯ ಮನುಷ್ಯ. ಚೆಂದದ್ದು ಕಂಡರೆ ಊಟ ಮರೆಯುವವರು. ಅಟ್ಟಿಯ ಎದುರು ಕೂತು, ಎದ್ದು, ಒಂದು ಕಣ್ಣು ಮುಚ್ಚಿ, ಕೈಬೆರಳಲ್ಲಿ ಚೌಕ ಮಾಡಿ ನೋಡಿದರು. ಮೂವತ್ತು ಫೋಟೊ ತೆಗೆದರು. ಸಾಲದ್ದಕ್ಕೆ ಮರುದಿನ ಕಿಟ್ಟಣ್ಣನನ್ನೂ ಕರೆಸಿದರು.

"ಕಿಟ್ಟಣ್ಣ, ಈ ಕೆಂಪು ಪಟ್ಟಿ ಇಲ್ಲಿಯೇ ಬರ್ಬೇಕು ಅಂತ ನಿಮಗೆ ಹೇಗೆ ಅನ್ನಿಸಿತು?"

ಕಿಟ್ಟಣ್ಣ ಜಗಲಿಯ ಕಡೆ ನೋಡಿದ. ಏಳನೆಯ ತಿಂಗಳಿಗೆ ತವರಿಗೆ ಬಂದ ದೀಕ್ಷಿತಾ ಕಂಬಕ್ಕೆ ಒರಗಿ ಕೂತಿದ್ದಳು. ಹೇಗೆ ಹೇಳುವುದು?

"ಅದು ಅಲ್ಲೇ ಬರ್ಬೇಕು ಮಾಷ್ಟ್ರೆ," ಎಂದ.

"ಅದೇ! ಕಲೆ ಅಂದ್ರೆ ಅದೇ ನೋಡಿ! ಯಾಕೆ ಅಂತ ಅವರಿಗೇ ಗೊತ್ತಿಲ್ಲ!" ಎಂದು ಮಾಷ್ಟ್ರು ಕುಣಿದಾಡುವುದೊಂದು ಬಾಕಿ.

ಮುಂದಿನ ಆದಿತ್ಯವಾರ ಪೇಪರಿನಲ್ಲಿ ಕಾಲು ಪುಟ ಬಂತು. ಅಟ್ಟಿಯ ಫೋಟೊ ದೊಡ್ಡದಾಗಿ, ಮೂಲೆಯಲ್ಲಿ ಕಿಟ್ಟಣ್ಣ, ಪೋಲೀಸರು ಹಿಡಿದು ನಿಲ್ಲಿಸಿದ ಹಾಗೆ. ಬೆಳ್ಳೂರಿಗೆಲ್ಲ ಸಂಭ್ರಮ. ವಾರ್ಡಿನ ಮೆಂಬರು ಬಂದು ನೋಡಿ ಹೋದರು. ಶಾಲೆ ಶುರುವಾದ ಮೇಲೆ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸಿದರು, ರಾಜೀವಿ ಅಷ್ಟೂ ಮಕ್ಕಳಿಗೆ ಪುನರ್ಪುಳಿ ಶರಬತ್ತು ಕೊಟ್ಟಳು. ಪೇಪರಿನ ತುಂಡಿಗೆ ಲ್ಯಾಮಿನೇಶನ್ ಮಾಡಿಸಿ ಚಾವಡಿಯಲ್ಲಿ ತೂಗುಹಾಕಿದಳು. ಇಪ್ಪತ್ತನಾಲ್ಕು ವರ್ಷ ತನ್ನ ಹಿತ್ತಿಲಿಗೆ ಬಂದುಹೋದ ಮನುಷ್ಯನನ್ನು ಊರು ಈಗ ಗುರುತಿಸಿತು ಎಂದು ಅವಳಿಗೆ ನಿಜವಾಗಿ ಹೆಮ್ಮೆ. ಬಾಗಿಯಂತೂ ಆ ಪೇಪರನ್ನು ದಿಂಬಿನಡಿಯಲ್ಲಿ ಇಟ್ಟುಕೊಂಡೇ ಮಲಗಿದಳು. ಕಿಟ್ಟಣ್ಣನಿಗೆ ಮಾತ್ರ ಒಳಗೊಳಗೆ ಏನೋ ಸರಿಹೋಗಲಿಲ್ಲ. ಹಿಂದೊಮ್ಮೆಯೂ ಜನ ನಿಂತು ನೋಡಿದ್ದರಲ್ಲ.

ಮಳೆ ಹಿಡಿಯಿತು. ಮಳೆಗಾಲದಲ್ಲಿ ಅವನು ಅಟ್ಟಿ ಇಟ್ಟ ಮನೆಗಳ ಕಡೆ ಹಾಯುವ ಕ್ರಮ ಇಲ್ಲ. ಅದು ಅನ್ನ ಬೇಯುವಾಗ ಮುಚ್ಚಳ ತೆಗೆದು ತೆಗೆದು ನೋಡಿದ ಹಾಗೆ ಎಂದು ಅವನ ಲೆಕ್ಕ. ಆಗಸ್ಟ್ ಹನ್ನೊಂದಕ್ಕೆ ದೀಕ್ಷಿತಾಳಿಗೆ ಹೆಣ್ಣು ಮಗು ಆದ ಸುದ್ದಿ ಹಾಲಿನ ಡೈರಿಯಲ್ಲಿ ಸಿಕ್ಕಿತು. ಮೂರು ದಿನ ಆಸ್ಪತ್ರೆ, ಹದಿನಾಲ್ಕಕ್ಕೆ ಮನೆ. ಅಂದಿನಿಂದ ಕಿಟ್ಟಣ್ಣ ಬೆಳಗಿನ ಚಾ ಕುಡಿಯುತ್ತ ಲೆಕ್ಕ ಹಾಕತೊಡಗಿದ.

"ಇವತ್ತಿಗೆ ಆರು."

"ಎಂತ ಆರು?" ಎಂದು ಬಾಗಿ ಕೇಳಿದರೆ, "ಸುಮ್ನೆ," ಎನ್ನುತ್ತಿದ್ದ.

ಹತ್ತಾಯಿತು, ಇಪ್ಪತ್ತಾಯಿತು. ಹೊರಗೆ ಧೋ ಎಂದು ಸುರಿಯುವಾಗ ಅವನು ಮನಸ್ಸಿನಲ್ಲೇ ಐದೈದು ತುಂಡು ಎಳೆದು ಒಲೆಗೆ ಇಡುತ್ತಿದ್ದ, ಹಂಡೆಯ ನೀರು ಕೊತಕೊತ ಕುದಿಯುವುದನ್ನು ಕೇಳುತ್ತಿದ್ದ. ಹಾಗೆ ಅಷ್ಟು ನೆಮ್ಮದಿಯಾಗಿ ಕಳೆದ ಮಳೆಗಾಲ ಅವನ ಆಯುಷ್ಯದಲ್ಲಿ ಬೇರೆ ಇಲ್ಲ.

ಚೌತಿ ಕಳೆದ ಮೂರನೆಯ ದಿನ, ಅವನ ಎಣಿಕೆಯಲ್ಲಿ ಮೂವತ್ತನೆಯ ದಿನ, ಒಂದು ಕುಪ್ಪಿ ಜೇನು ಹಿಡಿದು ರಾಜೀವಿಯ ಮನೆಗೆ ಹೊರಟ. ಇನ್ನು ಐವತ್ತು ತುಂಡು ಕೆಂಪು ಉಳಿದಿರಬೇಕು, ಅಡಿಯಲ್ಲಿ ಬೊಡ್ಡೆ ಸ್ವಲ್ಪ. ಬರಿಯ ನೆಲ ಈ ಸಲ ಸ್ವಲ್ಪ ತಡ, ಇರಲಿ. ಅಂಗಳಕ್ಕೆ ಕಾಲಿಟ್ಟದ್ದೇ ರಾಜೀವಿ ಎದುರು ಬಂದಳು. ಅವಳ ಕಣ್ಣು ಎರಡೂ ಕೆಂಪು ಕೆಂಪು. ಆದರೆ ಮುಖದಲ್ಲಿ ನಗು.

"ಬನ್ನಿ ಬನ್ನಿ ಕಿಟ್ಟಣ್ಣ! ಮೊದಲು ಹಿಂದೆ ಬನ್ನಿ, ಮಗು ಮತ್ತೆ ನೋಡುವ."

ಕೊಟ್ಟಿಗೆಯ ಎದುರಿಗೆ ಇಳಿಬಿಟ್ಟಿದ್ದ ಟಾರ್ಪಾಲನ್ನು ಅವಳು ನಾಟಕದ ಪರದೆಯ ಹಾಗೆ ಎತ್ತಿದಳು.

ಅಟ್ಟಿ ಇಟ್ಟ ಹಾಗೆಯೇ ನಿಂತಿತ್ತು. ಗೇರು ರೆಂಬೆಯೂ ಇಳಿದಿರಲಿಲ್ಲ. ಎದುರಿಗೆ ಒಂದು ಹಲಗೆ, ಅದರ ಮೇಲೆ ಹರಿನಾಥ ಮಾಷ್ಟ್ರ ಚೆಂದದ ಅಕ್ಷರದಲ್ಲಿ: ದಯವಿಟ್ಟು ಮುಟ್ಟಬಾರದು.

"ಒಂದು ಕಡ್ಡಿ ತೆಗೀಲಿಲ್ಲ ನಾನು," ಎಂದಳು ರಾಜೀವಿ. "ನೀವು ಬಂದು ನೋಡುವಾಗ ಹೀಗೆಯೇ ಇರ್ಬೇಕು ಅಂತ ನನಗೆ ಹಟ."

ಕಿಟ್ಟಣ್ಣ ಮೆಲ್ಲಗೆ ಹೋಗಿ ಅಟ್ಟಿಗೆ ಕಿವಿಯಿಟ್ಟ. ರಬ್ಬರಿನ ವರಸೆಯೊಳಗೆ ಕರ್ ಕರ್ ಎಂದು ಸಣ್ಣ ಸದ್ದು. ಬೆರಳಿಂದ ತಟ್ಟಿದರೆ ಹಿಟ್ಟು ಉದುರಿತು. ಮರ ಕೊರೆಯುವ ಕುಟ್ಟೆ ಹುಳು ಹಿಡಿದಿತ್ತು. ಕಟ್ಟಿಗೆ ಉರಿಯದಿದ್ದರೆ ತಿನ್ನುವವರು ಬೇರೆ ಇದ್ದಾರೆ.

"ಹಾಗಾದ್ರೆ ಮೀಯ್ಲಿಕ್ಕೆ ನೀರು?" ಎಂದು ಕೇಳಿದ.

"ಗೀಸರ್ ಉಂಟಲ್ಲ. ಕರೆಂಟ್ ಹೋದ್ರೆ ಗ್ಯಾಸ್. ಗ್ಯಾಸ್ ಮುಗಿದ್ರೆ ತೆಂಗಿನ ಸಿಪ್ಪೆ. ಈ ಸಲ ಕರೆಂಟ್ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚು ಮಾರಾಯ್ರೆ. ಆ ಹಸಿ ಸಿಪ್ಪೆಯ ಹೊಗೆ ಕುಡಿದು ಕುಡಿದು ನನ್ನ ಕಣ್ಣು ನೋಡಿ ಹೇಗಾಗಿದೆ ಅಂತ."

ಅವನ ಅಟ್ಟಿಗಾಗಿ ಆ ಹೆಂಗಸು ಒಂದು ಇಡೀ ಮಳೆಗಾಲ ಹೊಗೆ ಕುಡಿದಿದ್ದಳು. ಬೈಯುವುದಾದರೂ ಹೇಗೆ? ಅಷ್ಟು ಪ್ರೀತಿಯಿಂದ ಯಾರೂ ಯಾರಿಗೂ ಅನ್ಯಾಯ ಮಾಡಿರಲಾರರು.

ಅಷ್ಟರಲ್ಲಿ ದೀಕ್ಷಿತಾ ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಬಂದಳು. "ಕಿಟ್ಟಣ್ಣನಿಗೆ ತೋರಿಸುವ ಇವಳನ್ನು," ಎನ್ನುತ್ತ ಒಗೆಯುವ ಕಲ್ಲಿನ ಮೇಲೆ ಕೂತಳು. ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸುತ್ತಿತ್ತು. ಕಿಟ್ಟಣ್ಣ ಜೇನಿನ ಕುಪ್ಪಿ ಕೊಟ್ಟ. ಅದನ್ನು ತೆಗೆದುಕೊಳ್ಳಲು ದೀಕ್ಷಿತಾ ಎದ್ದಳು. ಏಳುವಾಗ ಎಡಗೈಯನ್ನು ನಡುವಿಗೆ ಒತ್ತಿಕೊಂಡು ಎದ್ದಳು.

ಅದೇ ಕೈ. ಅದೇ ಒತ್ತು. ಕಿಟ್ಟಣ್ಣ ಮುಖ ತಿರುಗಿಸಿದ.

ರಾಜೀವಿ ವೀಳ್ಯದ ತಟ್ಟೆ ತಂದಿಟ್ಟಳು. ಅವನು ಮುಟ್ಟಲಿಲ್ಲ. "ಎಂತ ಕಿಟ್ಟಣ್ಣ, ಹುಷಾರಿಲ್ವಾ?" ಎಂದು ಅವಳು ಕೇಳುವಷ್ಟರಲ್ಲಿ ಹರಿನಾಥ ಮಾಷ್ಟ್ರ ಸ್ಕೂಟರು ಬಂದು ನಿಂತಿತು. ಮಾಷ್ಟ್ರ ಒಂದು ಕೈಯಲ್ಲಿ ಬ್ರಶ್ಶು, ಇನ್ನೊಂದರಲ್ಲಿ ನಾಲ್ಕು ಲೀಟರಿನ ಡಬ್ಬಿ.

"ಓ, ಕಿಟ್ಟಣ್ಣನೂ ಇದ್ದಾರೆ! ಒಳ್ಳೆಯದಾಯ್ತು. ಕುಟ್ಟೆ ಹಿಡಿದಿದೆ ಅಂತ ಮೊನ್ನೆ ನೋಡಿದೆ. ವಾರ್ನಿಶ್ ಹೊಡೆದುಬಿಡುವ. ಇನ್ನು ಹತ್ತು ವರ್ಷಕ್ಕೆ ಯೋಚನೆ ಇಲ್ಲ. ಆ ಕೆಂಪು ಪಟ್ಟಿಯಂತೂ ಹೊಳೀತದೆ ನೋಡಿ."

ಮಾಷ್ಟ್ರು ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿದರು. ವಾರ್ನಿಶಿನ ವಾಸನೆ ಎದ್ದಿತು. ನಲವತ್ತೆಂಟು ವರ್ಷದಲ್ಲಿ ಗಟ್ಟಿಯಾಗಿ ಮಾತಾಡದ ಕಿಟ್ಟಣ್ಣ ಆಗ ಮಾತಾಡಿದ.

"ಮಾಷ್ಟ್ರೆ, ಆ ಡಬ್ಬಿ ಮುಚ್ಚಿ."

ಮಾಷ್ಟ್ರು ಬ್ರಶ್ಶು ಹಿಡಿದ ಹಾಗೆಯೇ ನಿಂತರು.

"ಹೊರಗೆ ಥಳಕು ಒಳಗೆ ಹುಳುಕು ಮಾಡ್ಲಿಕ್ಕೆ ನಾನು ಇಟ್ಟದ್ದಲ್ಲ ಇದು. ಅದು ಪಟ್ಟಿ ಅಲ್ಲ. ಅದು ಈ ಹುಡುಗಿ," ದೀಕ್ಷಿತಾಳ ಕಡೆ ಕೈ ತೋರಿಸಿದ, "ಈ ಹುಡುಗಿ ಮೀಯ್ಲಿಕ್ಕೆ ಇಟ್ಟದ್ದು. ಗಾಳಿಮರ. ಮೊಗ್ರಾಲಿನಿಂದ ತಂದದ್ದು. ದಿನಕ್ಕೆ ಐದು, ನಲವತ್ತು ದಿನಕ್ಕೆ ಇನ್ನೂರು. ಬೇಕಾದ್ರೆ ಎಣಿಸಿ."

ಮಾಷ್ಟ್ರು, ಅವರ ಸ್ವಭಾವವೇ ಹಾಗೆ, ನಿಜವಾಗಿ ತುಟಿ ಅಲ್ಲಾಡಿಸುತ್ತ ಎಣಿಸತೊಡಗಿದರು.

ರಾಜೀವಿಯ ಮುಖ ಬಿಳುಚಿತು. "ಒಂದು ಮಾತು ಹೇಳ್ಬಾರದಿತ್ತಾ ಕಿಟ್ಟಣ್ಣ?"

"ಹೇಗೆ ಹೇಳುದು ಅಕ್ಕ? ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸ್ತಾರಾ?" ಅವನ ದನಿ ಇಳಿಯಿತು. "ನಿಮಗಂತೂ ಬಿಸಿನೀರು ಕೊಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಚೆಂದ ಕಾಣ್ಲಿ ಅಂತ ಆ ಹಸಿ ರಬ್ಬರು ಇಟ್ಟೆ. ಇವತ್ತಿಗೂ ನೀವು ನಡುವಿಗೆ ಕೈ ಕೊಟ್ಟು ಏಳುದನ್ನು ನೋಡ್ತೇನೆ. ಇವಳಿಗಾದ್ರೂ ಅಂತ ಮಾಡಿದ್ದು. ಇವಳಿಗೂ ಅದೇ ಆಯ್ತು."

ರಾಜೀವಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಅಳುತ್ತಲೇ ನಕ್ಕಳು. "ಅಯ್ಯೋ ನನ್ನ ದೇವರೇ! ಈ ನಡುನೋವು ಬಾವಿಕಟ್ಟೆಯಲ್ಲಿ ಜಾರಿಬಿದ್ದು ಬಂದದ್ದಲ್ವಾ ಕಿಟ್ಟಣ್ಣ! ಇವಳು ಹೊಟ್ಟೆಗೆ ಬರುವ ಮೊದಲೇ ಇತ್ತು ಅದು. ಇಪ್ಪತ್ತನಾಲ್ಕು ವರ್ಷ ಇದನ್ನು ಹೊತ್ತುಕೊಂಡು ತಿರುಗಿದ್ರಾ ನೀವು?"

ಅದು ನಿಜವೋ, ಅವನ ಭಾರ ಇಳಿಸಲು ಅವಳು ಆ ಕ್ಷಣಕ್ಕೆ ಹುಟ್ಟಿಸಿದ ಬಾವಿಕಟ್ಟೆಯೋ, ಕಿಟ್ಟಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಅವನು ಮತ್ತೆ ಕೇಳಲೂ ಇಲ್ಲ.

"ಇನ್ನೂರು ಸರಿಯಾಗಿ ಉಂಟು," ಎಂದರು ಮಾಷ್ಟ್ರು ಮೆಲ್ಲಗೆ. ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಗುದ್ದಿ ಹಾಕಿದರು. ಮುಟ್ಟಬಾರದು ಎಂಬ ಹಲಗೆಯನ್ನು ತಾವೇ ಕಿತ್ತು ಗೋಡೆಗೆ ಮುಖ ಮಾಡಿ ಇಟ್ಟರು.

ದೀಕ್ಷಿತಾ ಕೇಳಿದಳು, "ಈಗ ತೆಗೀಲಿಕ್ಕೆ ಆಗ್ತದಾ ಕಿಟ್ಟಣ್ಣ? ಇನ್ನು ಹತ್ತು ದಿನ ಉಂಟಲ್ಲ."

ಒಂದೆರಡು ತುಂಡು ಎಳೆದರೆ ಅಟ್ಟಿ ಅಲುಗದು, ಆದರೆ ಮೇಲಿನದು ಉರಿಯದೆ ನಡುವಿನ ಇಡೀ ಸಾಲು ಬರುವಂತೆ ಇಟ್ಟದ್ದಲ್ಲ. ಕೆಂಪು ಸಾಲು ಬೇಕಾದರೆ ಅದರ ಮೇಲಿನ ಎರಡೂವರೆ ತಿಂಗಳನ್ನು ಕೆಡಹಬೇಕು. ಕಿಟ್ಟಣ್ಣ ಅಂಗಿ ಬಿಚ್ಚಿ ಕೊಕ್ಕೆಗೆ ಹಾಕಿದ. ಬೈರಾಸು ತಲೆಗೆ ಸುತ್ತಿದ. ಮೂವತ್ತು ವರ್ಷದ ಕೆಲಸದಲ್ಲಿ ತಾನು ಇಟ್ಟ ಅಟ್ಟಿಯನ್ನು ತಾನೇ ಕೆಡಹಿದ್ದು ಅದೇ ಮೊದಲು. ಗೇರು ರೆಂಬೆಗಳನ್ನು ಬಾಚಿ ಅಂಗಳಕ್ಕೆ ಎಸೆದ. ಕುಟ್ಟೆ ತಿಂದ ರಬ್ಬರನ್ನು ದೂಡಿದ. ಪೇಪರಿನಲ್ಲಿ ಬಂದ ಅಟ್ಟಿ ದಡದಡ ಎಂದು ಕೆಸರಿಗೆ ಉರುಳುತ್ತಿದ್ದರೆ ಅವನಿಗೆ ಒಂದು ಚೂರೂ ಬೇಸರ ಬರಲಿಲ್ಲ. ಹರಿನಾಥ ಮಾಷ್ಟ್ರು ಬಿಳಿ ಅಂಗಿಯಲ್ಲೇ ಹಲಸಿನ ತುಂಡು ಹೊತ್ತು ಹೊತ್ತು ಬೆವರಿದರು. "ಸಿಪ್ಪೆ ಮೇಲೆ ಮಾಡಿ ಇಡಿ ಮಾಷ್ಟ್ರೆ," ಎಂದು ಒಮ್ಮೆ ಬೈಸಿಕೊಂಡರು ಕೂಡ.

ಕೆಂಪು ಸಿಕ್ಕಿತು. ಕಿಟ್ಟಣ್ಣ ಐದು ತುಂಡು ಆರಿಸಿ, ಒಂದೊಂದನ್ನೂ ಮೂಸಿ, ಬಚ್ಚಲ ಒಲೆಗೆ ಇಟ್ಟ. ಅಡಿಗೆ ಗೇರಿನ ಕಡ್ಡಿ. ರಾಜೀವಿ ಕಡ್ಡಿ ಗೀರಿದಳು. ಹೊಗೆ ಬರುತ್ತದೆಂದು ಅಭ್ಯಾಸಬಲದಿಂದ ಕಣ್ಣು ಮುಚ್ಚಿದಳು. ಹೊಗೆ ಬರಲಿಲ್ಲ. ಬೆಂಕಿ ಹಂಡೆಯ ಬುಡವನ್ನು ನೆಕ್ಕುತ್ತ ಎದ್ದಿತು.

ಬಚ್ಚಲಿನ ಬಾಗಿಲು ಹಾಕಿದರು. ಕಿಟ್ಟಣ್ಣ ಹೊರಗೆ ಒಗೆಯುವ ಕಲ್ಲಿನ ಮೇಲೆ ಕೂತ. ಅವನ ಮಡಿಲಲ್ಲಿ ಮಗು. ಬೇರೆ ಯಾರ ಕೈಯೂ ಆಗ ಖಾಲಿ ಇರಲಿಲ್ಲ ಎಂದು ಅವನ ಮಡಿಲಿಗೆ ಹಾಕಿದ್ದು. ಒಳಗೆ ಚೊಂಬು ಹಂಡೆಗೆ ತಾಗಿದ ಸದ್ದು, ಬೆನ್ನಿಗೆ ನೀರು ಬಿದ್ದ ಸದ್ದು.

"ಅಮ್ಮಾ, ಸುಡ್ತದೆ!"

"ಸುಡ್ಲಿ!" ಎಂದು ರಾಜೀವಿಯ ಗಂಟಲು. "ಬಗ್ಗು! ಇನ್ನೂ ಬಗ್ಗು!"

ಮತ್ತೆ ರಪ್ಪೆಂದು ನೀರು. ಸಂದಿಯಿಂದ ಬಿಳಿ ಆವಿ ಹೊರಗೆ ಬಂತು. ಕಿಟ್ಟಣ್ಣ ಕಣ್ಣೊರೆಸಿಕೊಳ್ಳಲು ಕೈ ಎತ್ತಿದ, ಮಗು ಎದ್ದೀತೆಂದು ಹಾಗೆಯೇ ಬಿಟ್ಟ.

ರಾಜೀವಿ ಹತ್ತು ದಿನಕ್ಕೆ ನಿಲ್ಲಿಸಲಿಲ್ಲ. ಹಿಂದಿನ ಮೂವತ್ತು ದಿನ ಲೆಕ್ಕಕ್ಕಿಲ್ಲ, ಇವತ್ತಿನಿಂದ ಒಂದು ಎಂದಳು. ಪುತ್ತಿಗೆಯಿಂದ ದೀಕ್ಷಿತಾಳ ಅತ್ತೆ ಎರಡು ಸಲ ಫೋನು ಮಾಡಿ ಗೊಣಗಿದರು. "ಕಟ್ಟಿಗೆ ಮುಗಿಯದೆ ಕಳಿಸುದಿಲ್ಲ," ಎಂದು ರಾಜೀವಿ ಖಡಾಖಂಡಿತ ಹೇಳಿದಳು. ಆ ಅತ್ತೆ ಅದು ಎಂತ ಉತ್ತರವೆಂದು ತಿಳಿಯದೆ ಸುಮ್ಮನಾದರು. ಇನ್ನೂರು ತುಂಡು ನಲವತ್ತು ದಿನ ಉರಿಯಿತು. ಹಲಸು, ರಬ್ಬರು ಭತ್ತ ಬೇಯಿಸಲು ಹೋಯಿತು. ಅಡಿಯ ಬೊಡ್ಡೆಗಳು ದೀಪಾವಳಿಯ ಎಣ್ಣೆಸ್ನಾನಕ್ಕೆ ಮುಗಿದವು. ಅಷ್ಟರ ಹೊತ್ತಿಗೆ ದೀಕ್ಷಿತಾ ನಡುವಿಗೆ ಕೈ ಕೊಡದೆ ಏಳುತ್ತಿದ್ದಳು.

ಹಬ್ಬದ ಮರುದಿನ ಕಿಟ್ಟಣ್ಣ ಬಂದ. ಕೊಟ್ಟಿಗೆಗೆ ಇಣುಕಿದ. ಒಣಗಿದ ನೆಲ, ನಾಲ್ಕು ಚೂರು ಸಿಪ್ಪೆ. ಬೈರಾಸಿನಿಂದ ಮುಖ ಒರೆಸಿಕೊಂಡು ವೀಳ್ಯ ಹಾಕಿದ.

ಹರಿನಾಥ ಮಾಷ್ಟ್ರೂ ಬಂದಿದ್ದರು. ಕ್ಯಾಮರಾ ತಂದಿದ್ದರು, ಆದರೆ ಹೊರಗೆ ತೆಗೆಯಲು ಸಂಕೋಚ. "ಬರುವ ವರ್ಷ ಅಟ್ಟಿ ಇಡುವಾಗ ಒಂದು ಫೋಟೊ ತೆಗೀಬಹುದಾ ಕಿಟ್ಟಣ್ಣ? ಪೇಪರಿಗೆ ಕೊಡುದಿಲ್ಲ."

"ತೆಗೆಯುದಾದ್ರೆ ಈಗ ತೆಗೀರಿ," ಎಂದ ಕಿಟ್ಟಣ್ಣ.

"ಈಗ ಎಂತ ಉಂಟು? ಖಾಲಿ ಅಲ್ವಾ?"

ಕಿಟ್ಟಣ್ಣ ಹೋಗಿ ಆ ಬರಿಯ ನೆಲದ ಪಕ್ಕದಲ್ಲಿ ನಿಂತ, ಬೈರಾಸನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡ. ಪೇಪರಿನ ಫೋಟೊದಲ್ಲಿ ನಗದ ಮನುಷ್ಯ ಈ ಫೋಟೊದಲ್ಲಿ ಹಲ್ಲು ಕಾಣುವಷ್ಟು ನಗುತ್ತಿದ್ದಾನೆ.

ರಾಜೀವಿ ಚಾವಡಿಯಲ್ಲಿದ್ದ ಪೇಪರಿನ ತುಂಡು ತೆಗೆದು ಆ ಮೊಳೆಗೆ ಇದನ್ನು ಹಾಕಿದ್ದಾಳೆ. ಬಂದ ನೆಂಟರು ಕೇಳುವುದುಂಟು, ಎಂತ ರಾಜೀವಿ, ಬರೇ ನೆಲ ಉಂಟಲ್ಲ ಇದರಲ್ಲಿ?

"ಸರಿಯಾಗಿ ನೋಡಿ," ಎನ್ನುತ್ತಾಳೆ ಅವಳು. "ನಮ್ಮ ದೀಕ್ಷಿತಾಳ ಬಾಣಂತನ ಅದು."